ಆರು ನಲವತ್ತರ ಕುಂಡ

ಹಾಲು ಉಕ್ಕಿ ಒಲೆಯ ಮೇಲೆ ಚುರ್ರೆಂದಿತು, ಅವಳು ಉರಿ ಸಣ್ಣ ಮಾಡಿದಳು, ಇನ್ನೊಂದು ಕೈಯಲ್ಲಿ ಫೋನು, ಆರು ನಲವತ್ತು, ಬಂದಿಲ್ಲ, ಬರುತ್ತದೆ — ಎರಡು ತಿಂಗಳು ಒಂದು ದಿನವೂ ತಪ್ಪದೆ ಇದೇ ಹೊತ್ತಿಗೆ ಬರುತ್ತಿತ್ತಲ್ಲ, ಕಿಟಕಿಯಲ್ಲಿ ಒಂದು ಕುಂಡ, ಫೋಟೋದ ಮೂಲೆಯಲ್ಲಿ ಏನೋ ಮಬ್ಬು, ಕೆಳಗೆ ಒಂದೇ ಸಾಲು, ಇವತ್ತೂ ನೀರು ಹಾಕಿದೆ, ಯಾವ ಗಿಡ ಸಾರ್ ಎಂದು ಕೇಳಿದರೂ ಇವತ್ತೂ ನೀರು ಹಾಕಿದೆ, ಗೊಬ್ಬರ ಏನು ಹಾಕ್ತೀರಿ ಅಂದರೂ ಅದೇ, ಕೈತೋಟದ ಗುಂಪಿನಲ್ಲಿ ಹನ್ನೊಂದು ಸಾವಿರ ಜನ, ನೋಡಿಕೊಳ್ಳುವವರು ಅವಳು ಮತ್ತು ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಇಬ್ಬರೇ, ಯಂತ್ರ ನಡೆಸುವ ಖಾತೆಗಳ ಕಾಟಕ್ಕೆ ಇಬ್ಬರೂ ರೋಸಿಹೋಗಿದ್ದರು, ಇದೂ ಯಂತ್ರಾನೇ ಕಣಮ್ಮ, ಕಿತ್ತುಹಾಕು, ಅಂದರು ಮೇಷ್ಟ್ರು, ಕಳೆ ಕೀಳುವುದರಲ್ಲಿ ಅವಳ ಕೈ ಮೊದಲೇ ಚುರುಕು, ಕಿತ್ತಳು. ಹೊರಗೆ ಹಾಕಿಸಿಕೊಂಡವರು ಮನವಿ ಕಳಿಸಬಹುದು, ನಾನು ಮನುಷ್ಯ ಅಂತ ತಮ್ಮದೇ ಮಾತಿನಲ್ಲಿ ಬರೆಯಬೇಕು, ಅವಳೇ ಮಾಡಿದ ನಿಯಮ, ಮನವಿ ಬಂತು, ಇವತ್ತೂ ನೀರು ಹಾಕಿದೆ, ಒಂಬತ್ತು ದಿನ ಒಂಬತ್ತು ಸಲ, ಅವಳು ನಕ್ಕಿದ್ದಳು, ಗಂಡನಿಗೂ ತೋರಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು, ಯಾವ ಬಾಯಲ್ಲಿ ನಕ್ಕೆನೋ — ನಿನ್ನೆ ಆ ಖಾತೆಯವರ ಸೊಸೆ ಬರೆದಿದ್ದಾಳೆ, ಬೈಗುಳ ಒಂದೂ ಇಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಲಕ್ವ ಹೊಡೆದ ಮೇಲೆ ಮಾವನಿಗೆ ಉಳಿದಿದ್ದು ಇದೊಂದೇ ಮಾತು ಮೇಡಂ, ಎಡಗೈಯ ಒಂದು ಬೆರಳಲ್ಲಿ ಅರ್ಧ ಗಂಟೆ ಕೂತು ಬರೆಯೋರು, ಗಡಿಯಾರ ನೋಡ್ಕೊಂಡು ಆರು ನಲವತ್ತಕ್ಕೆ ಕಳಿಸೋರು, ಮೊದಲು ಡ್ಯೂಟಿಗೆ ಹೊರಡ್ತಿದ್ದ ಹೊತ್ತದು, ಮನವಿ ಕಳಿಸೋದೂ ಬಿಟ್ಟರು, ಈಗ ಹಾಸಿಗೆ ಬಿಟ್ಟು ಏಳಲ್ಲ, ನೀರು ನಾನೇ ಹಾಕ್ತಿದ್ದೀನಿ. ಓದಿದ ಕೂಡಲೇ ಖಾತೆ ವಾಪಸು ಕೊಟ್ಟಳು, ತಪ್ಪಾಯ್ತು, ಬನ್ನಿ ಅಂತ ಬರೆದಳು, ಅಳುತ್ತಲೇ ಹಳೆಯ ಫೋಟೋಗಳನ್ನೆಲ್ಲ ತೆಗೆದು ನೋಡಿದಳು, ದಿನಾ ಒಂದೇ ಫೋಟೋ ಅಂದುಕೊಂಡಿದ್ದಳಲ್ಲ, ಮೊದಲನೆಯದರಲ್ಲಿ ಎರಡೆಲೆ, ಕೊನೆಯದರಲ್ಲಿ ಏಳು, ಮೂಲೆಯ ಆ ಮಬ್ಬು ಒಂದೊಂದು ದಿನ ಒಂದೊಂದು ಕಡೆ, ಕ್ಯಾಮೆರಾಕ್ಕೆ ಅಡ್ಡ ಬಂದ ಬೆರಳು — ಆರು ನಲವತ್ತೊಂಬತ್ತು, ಹಾಲಿನ ಮೇಲೆ ಕೆನೆ ಕಟ್ಟಿದೆ, ಗಂಡ ಕಾಫಿ ಎಲ್ಲಿ ಅನ್ನುತ್ತಿದ್ದಾನೆ, ಯಂತ್ರಕ್ಕೆ ಬೆರಳಿರುತ್ತದೆಯೇ, ಅರವತ್ತು ಫೋಟೋ, ಒಂದರಲ್ಲೂ ಕಾಣಲಿಲ್ಲವಲ್ಲ ನನಗೆ, ಏಳು ಗಂಟೆ, ಬರಲಿಲ್ಲ, ಕುಂಡ, ಏಳೆಲೆ, ಮೂಲೆಯಲ್ಲಿ ಬೆರಳು, ಮೂಲೆಯಲ್ಲಿ ಆ ಬೆರಳು