ತಕರಾರಿಲ್ಲದ ಹಟ್ಟಿ

"ನಮ್ಮ ಮರಿ ಕೊಂದ ಔಷಧ ಪಾಸಾಗೈತಬೇ ಯವ್ವಾ. ಸರ್ಕಾರ ಲಕ್ಷಗಟ್ಟಲೆ ರೊಕ್ಕ ಕೊಟ್ಟೈತಂತ. ಕಾರ್ಖಾನಿ ಹಾಕತಾರಂತ."

ಉಮಾಶ್ರೀ ಬೀಳಗಿಯ ಬಸ್ಸಿಳಿದವಳು ಒಂದೇ ಉಸಿರಿಗೆ ಹೊಲದವರೆಗೆ ಓಡಿ ಬಂದಿದ್ದಳು. ಕಾಲೇಜಿನ ಚೀಲ ಹೆಗಲಲ್ಲೇ ಜೋತಾಡುತ್ತಿತ್ತು. ಅವಳ ತಾಯಿ ಸತ್ಯವ್ವ ಕುರಿಹಟ್ಟಿಯೊಳಗೆ ಕುಕ್ಕರಗಾಲಲ್ಲಿ ಕೂತು, ಕುರಿಯೊಂದರ ಗೊರಸಿಗೆ ನೆಟ್ಟ ಜಾಲಿಮುಳ್ಳು ಕೀಳುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾವ ಔಷಧ?"

"ಜಂತಹುಳದ್ದು. ಸಣ್ಣ ಗೌಡ್ರು ಕುಡಿಸಿದ್ದು. ಬಸ್ ಸ್ಟ್ಯಾಂಡಿನ್ಯಾಗ ಇಷ್ಟುದ್ದ ಬ್ಯಾನರ್ ಕಟ್ಯಾರ. ಒಂದ ಕಡೆ ಅವರ ಫೋಟೋ, ಇನ್ನೊಂದ ಕಡೆ ಅಪ್ಪಂದು. ಕುರಿ ತಬ್ಬಿಕೊಂಡು ಹಲ್ಲ ಕಿಸದಾನ."

"ಯಾರಬೇ ಹಲ್ಲ ಕಿಸದವರು?" ಹಟ್ಟಿಯ ಸುತ್ತ ಕಟ್ಟಿದ ಬಲೆಯ ಆಚೆಯಿಂದ ಕಾಮಣ್ಣ ಕೇಳಿದ.

"ನೀನ ಯಪ್ಪಾ. ಥೇಟ್ ಹೀರೋ ಕಂಡಂಗ ಕಾಣತಿ."

ಕಾಮಣ್ಣನಿಗೆ ನಗು ಬಂತು. ಸತ್ಯವ್ವನಿಗೆ ಬರಲಿಲ್ಲ. ಆ ಕುರಿಯ ಕಿವಿಗೆ ಬಳಿದ ಕೆಂಪು ಬಣ್ಣ ಇನ್ನೂ ಪೂರಾ ಅಳಿದಿರಲಿಲ್ಲ. ಹೋದ ತಿಂಗಳು ಅದು ಕಂದ ಹಾಕಿತ್ತು. ಅದೊಂದೇ ಅಲ್ಲ, ಕಿವಿಗೆ ಕೆಂಪು ಬಳಿಸಿಕೊಂಡ ಗಬ್ಬದ ಕುರಿ ಒಂದೂ ಉಳಿಯದ ಹಾಗೆ ಎಲ್ಲವೂ ಕಂದ ಹಾಕಿದ್ದವು. ಕೂದಲೂ ಮೂಡದ ಮರಿಗಳು. ಹಿನ್ನೀರಿನ ದಂಡೆಗೆ ಬುಟ್ಟಿಯಲ್ಲಿ ಹೊತ್ತು ಹೊತ್ತು ಅವಳ ನೆತ್ತಿ ಬೆಂದಿತ್ತು.

ಸಣ್ಣ ಗೌಡ್ರು ಅಂದರೆ ಕಲ್ಮೇಶ, ಈ ಹೊಲದ ಒಡೆಯ ಬಸಗೊಂಡಪ್ಪಗೌಡನ ಮಗ. ಯಾವುದೋ ಯುನಿವರ್ಸಿಟಿಯಲ್ಲಿ ಪಾಠ ಮಾಡುತ್ತಾನೆ, ಔಷಧ ಕಂಡುಹಿಡಿಯುತ್ತಾನೆ. ದೀಪಾವಳಿ ಮುಗಿದ ಮೇಲೆ ಒಂದು ಕಾರು ತುಂಬ ಹುಡುಗರನ್ನು ಕರೆದುಕೊಂಡು ಬಂದು, ಅರ್ಧ ಕುರಿಗಳ ಕಿವಿಗೆ ಕೆಂಪು, ಅರ್ಧಕ್ಕೆ ನೀಲಿ ಬಳಿಸಿ, ಎಲ್ಲದರ ಬಾಯಿಗೂ ಹಸಿರು ನೀರು ಹೊಯ್ಯಿಸಿದ್ದ. "ಗಬ್ಬ ಅದಾವ್ರಿ" ಎಂದು ಕಾಮಣ್ಣ ಅಂದಿದ್ದ. "ಏನೂ ಆಗಂಗಿಲ್ಲ" ಎಂದು ಕಲ್ಮೇಶ ಅಂದಿದ್ದ. ಆಗ ಕಾಮಣ್ಣ ಸೊಂಟದ ಚೀಲ ಬಿಚ್ಚಿ, ಬೀರಪ್ಪನ ಭಂಡಾರ ಒಂದು ಚಿಟಿಕೆ ತೆಗೆದು ಅವನ ಅಂಗೈಗೆ ಹಾಕಿದ. ಕಲ್ಮೇಶ ಹಿಡಿದುಕೊಂಡ. ಹಿಡಿದುಕೊಂಡೇ ಇನ್ನೊಮ್ಮೆ ಅಂದ: "ಏನೂ ಆಗಂಗಿಲ್ಲ ಕಾಮಣ್ಣ."

ಅಲ್ಲಿಗೆ ಮಾತು ಮುಗಿಯಿತು. ಕುರಿ ಕಾಯುವ ಮಂದಿಯಲ್ಲಿ ಅರಿಶಿನದ ಪುಡಿ ಅಂಗೈಯಲ್ಲಿ ಹಿಡಿದು ಆಡಿದ ಮಾತಿಗೆ ಸಾಕ್ಷಿ ಬೇಡ, ಕಾಗದ ಬೇಡ. ಹಾನಿಯಾದರೆ ಹಿಡಿದವನೇ ನಡೆದು ಬಂದು ತುಂಬಿಕೊಡಬೇಕು. ಅವನು ಬರುವ ತನಕ ಬಾಯಿ ಬಿಟ್ಟು ಕೇಳುವ ಹಾಗಿಲ್ಲ. ಕೇಳಿದರೆ ದೇವರ ಮೇಲೇ ಅನುಮಾನ ಪಟ್ಟಂತೆ. ಹಾಗಾಗಿ ಮರಿಗಳು ಬಿದ್ದಾಗ ಅವರು ದನದ ಡಾಕ್ಟರ ಹತ್ತಿರ ಹೋಗಲಿಲ್ಲ, ಗೌಡರ ಮನೆ ಮೆಟ್ಟಿಲು ಹತ್ತಲಿಲ್ಲ, ಓಣಿಯಲ್ಲೂ ಸುದ್ದಿ ಮಾಡಲಿಲ್ಲ. ಹಲ್ಲು ಕಚ್ಚಿಕೊಂಡು ಕಾದರು.

"ಗೌಡ್ರು ಈಗ ಬರಾಕ ಹೇಳ್ಯಾರ. ನೋಡಿದ್ಯಾ?" ಕಾಮಣ್ಣ ರುಮಾಲು ಕೊಡವಿ ಸುತ್ತಿಕೊಂಡ. "ಸರ್ಕಾರದ ರೊಕ್ಕ ಬರಲಿ ಅಂತ ತಡದಿದ್ರು ಪಾಪ. ಭಂಡಾರ ಬಿಡತೈತೇನು?"

ಸತ್ಯವ್ವನೂ ಹೊರಟಳು. ಉಮಾಶ್ರೀ ಗೌಡರ ಮನೆಯ ತನಕ ಬೆನ್ನಿಗೇ ಬಂದಳು.

"ಅಲ್ಲೇ, ಅಲ್ಲೇ ನಿಂದರ್ರಿ. ಟೈಲ್ಸ್ ಈಗ ಒರಸ್ಯಾರ, ಹಿಕ್ಕಿ ಕಾಲ ಇಡಬ್ಯಾಡ್ರಿ." ಬಸಗೊಂಡಪ್ಪ ಪಡಸಾಲೆಯ ಕುರ್ಚಿಯಿಂದಲೇ ಕೈ ಅಡ್ಡ ಮಾಡಿದ.

"ಹೊಲದಾಗ ಗೊಬ್ಬರಕ್ಕ ಹಿಕ್ಕಿ ಬೇಕು, ಮನ್ಯಾಗ ಬ್ಯಾಡ," ಎಂದು ಉಮಾಶ್ರೀ ಗೊಣಗಿದಳು. ಸತ್ಯವ್ವ ಅವಳ ತೊಡೆ ಜಿಗುಟಿದಳು.

"ಏನಂತಾಳ ಹುಡುಗಿ?"

"ಏನಿಲ್ರಿ. ಕಾಲ ತೊಳಕೊಂಡ ಬರೂನೇನು ಅಂದ್ಳು."

ಕಲ್ಮೇಶ ಮೊಬೈಲು ಒತ್ತುತ್ತ ಹೊರಗೆ ಬಂದ. ಅಪ್ಪನ ಹಾಗೆ ಗದರುವವನಲ್ಲ. ನಗುನಗುತ್ತಲೇ ಮಾತಾಡುವವನು.

"ಬಾ ಕಾಮಣ್ಣ. ಬ್ಯಾನರ್ ಛಲೋ ಬಂದೈತಿಲ್ಲ? ನೋಡು, ಯುನಿವರ್ಸಿಟ್ಯಾಗ ಕಂಡುಹಿಡದದ್ದು ಕಪಾಟಿನ್ಯಾಗ ಕೊಳಿಬಾರದು, ಅಂಗಡಿಗೆ ಬರಬೇಕು ಅಂತ ಸರ್ಕಾರ ಕೊಡೂ ರೊಕ್ಕ ಇದು. ಮೊದಲನೇ ಕಂತು ಬಂದೈತಿ. ಎರಡನೇದು ಕಮಿಟ್ಯಾವ್ರು ಕಣ್ಣಾರೆ ನೋಡಿದ ಮ್ಯಾಲ. ಇವತ್ತ ಬಂದು ಬೀಳಗಿ ಐಬಿ ಬಂಗಲ್ಯಾಗ ಇಳಕೊಂಡಾರ. ನಾಳೆ ಹತ್ತಕ್ಕ ಹೊಲಕ್ಕ ಬರ್ತಾರ. ಅವರ ಮುಂದ ನಿಮ್ಮ ನೀಲಿ ಗುರುತಿನ ಕುರಿಗೆ ಔಷಧ ಕುಡಸೂನು."

ಕಾಮಣ್ಣ ಇನ್ನೂ ಕಾಯುತ್ತಿದ್ದ. ಮುಂದಿನ ಮಾತು ಬರುತ್ತದೆ, ಹಾನಿಯ ಮಾತು, ಎಂದು ಅವನ ಮುಖ ಹೂವಿನ ಹಾಗೆ ಅರಳಿಕೊಂಡೇ ಇತ್ತು. ಸತ್ಯವ್ವ ಕೇಳಿದಳು.

"ಅವೆಲ್ಲಾ ಗಬ್ಬ ಅದಾವ್ರಿ. ಇನ್ನೇನು ಈಯಾಕ ಬಂದಾವು."

"ಅದಕ್ಕ ಅವನ್ನ ಆರಿಸೀವಿ. ಗಬ್ಬದವಕ್ಕೂ ಏನೂ ಆಗಂಗಿಲ್ಲ ಅಂತ ತೋರಸಬೇಕಲ್ಲ."

"ಒಮ್ಮೆ ಕುಡದು ತಾಳ್ಯಾವಲ್ರಿ. ಮತ್ಯಾಕ?"

"ಅವಕ್ಕ ಔಷಧ ಎಲ್ಲಿ ಕುಡಿಸೀವಿ?" ಕಲ್ಮೇಶ ನಕ್ಕ. "ಅವಕ್ಕ ಕುಡಿಸಿದ್ದು ಬಣ್ಣದ ನೀರು. ಅರ್ಧಕ್ಕ ಔಷಧ, ಅರ್ಧಕ್ಕ ನೀರು. ಹೋಲಿಸಿ ನೋಡಬೇಕಲ್ಲ, ಅದ ಪದ್ಧತಿ."

 ಸತ್ಯವ್ವನ ಕಿವಿಯಲ್ಲಿ ಬರೀ ಕುರಿಗಳ ಒದರಾಟ.

"ಅಂದ್ರ ಕೆಂಪು ಗುರುತಿನವು ನಿಮ್ಮ ಔಷಧ ಕುಡದ ಕಂದ ಹಾಕಿದ್ವು."

"ಹಂಗಂತ ಹೇಳಾಕ ಬರಂಗಿಲ್ಲ. ಈ ಸಲ ಔಷಧಾನೂ ಸುಧಾರಿಸೀವಿ. ಹೋದ ಸಲದ್ದಕ್ಕ ರಿಪೋರ್ಟಿನ್ಯಾಗ ಕಾರಣ ಬರದಾಗೈತಿ. ಪಾಲನೆಯಲ್ಲಿ ಅಜಾಗರೂಕತೆ."

"ಹಂಗಂದ್ರ?"

ಉಮಾಶ್ರೀ ನೆಲ ನೋಡುತ್ತ ಹೇಳಿದಳು: "ನಮಗ ಕುರಿ ಕಾಯಾಕ ಬರಂಗಿಲ್ಲ ಅಂತ ಬರದಾರಬೇ."

ಹುಟ್ಟಿದಾಗಿನಿಂದ ಹಟ್ಟಿಯಲ್ಲೇ ಬೆಳೆದ ಕಾಮಣ್ಣ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ. ಕಲ್ಮೇಶ ಅವನ ಭುಜ ತಟ್ಟಿದ.

"ಬ್ಯಾಸರ ಮಾಡ್ಕೋಬ್ಯಾಡ. ಬರಿಯಾಕ ಏನರ ಒಂದು ಬೇಕಾಕ್ಕೈತಿ. ಖರೆ ಹೇಳಲಾ? ಈ ರೊಕ್ಕ ಬಂದದ್ದ ನಿಮ್ಮಿಂದ. ಇಷ್ಟ ಆದ್ರೂ ಡಾಕ್ಟರ್ ಕಡೆ ಹೋಗಲಿಲ್ಲ, ಒಂದು ಫೋನ್ ಸೈತ ಮಾಡಲಿಲ್ಲ. 'ಕುರಿಗಾರರಿಂದ ಯಾವುದೇ ತಕರಾರಿಲ್ಲ.' ಆ ಮಾತು ಓದೇ ಕಮಿಟ್ಯಾವ್ರು ಖುಷಿ ಆದ್ರು."

"ನೀವು ಭಂಡಾರ ಹಿಡದಿದ್ರಿ, ಸಣ್ಣ ಗೌಡ್ರ," ಎಂದ ಕಾಮಣ್ಣ. "ಹಿಡದವ್ರನ್ನ ಕೇಳಬಾರದ್ರಿ. ಅದಕ್ಕ ಸುಮ್ಮಕಿದ್ವಿ."

"ಯಾವ ಭಂಡಾರ?" ಕಲ್ಮೇಶ ನೆನಪು ಮಾಡಿಕೊಂಡ. "ಓ, ಅದಾ? ನಾ ಪ್ರಸಾದ ಅನ್ಕೊಂಡಿದ್ನೆಪಾ. ಅಂಗಿಗೆ ಹಳದಿ ಕಲಿ ಆಗಿ ನಮ್ಮವ್ವ ಎಷ್ಟ ಬೈದಳು."

ಬಸಗೊಂಡಪ್ಪ ಹೊಟ್ಟೆ ಕುಣಿಸಿ ನಕ್ಕ. "ಕುರಿ ಕಾದು ಕಾದು ಬುದ್ಧೀನೂ ಕುರೀದ ಆಗೈತಿ ಇವಕ್ಕ. ಅರಿಶಿನಪುಡಿ ಅಂತ, ಆಣಿ ಅಂತ. ಕೇಳಲೇ ಕಾಮ್ಯಾ, ನಾಳೆ ಹತ್ತಕ್ಕ ಕುರಿ ನನ್ನ ಹೊಲದಾಗ ನಿಂದ್ರಬೇಕು. ಸಾಹೇಬ್ರು ಕೇಳಿದ್ರ ಔಷಧ ಭಾಳ ಛಲೋ ಐತ್ರಿ ಅನ್ನಬೇಕು. ಇಲ್ಲಂದ್ರ ಹಟ್ಟಿ ಕಿತ್ತು ಹಿನ್ನೀರಾಗ ಮೇಯಿಸಿಕೋ ಹೋಗ, ಭಾಡ್ಯಾ."

ಕಾಮಣ್ಣ ಗೋಣು ಹಾಕಿದ. "ಆತ್ರೀ."

ಆ 'ಆತ್ರೀ' ಸತ್ಯವ್ವನ ಎದೆಗೆ ಒದ್ದಂತಾಯಿತು. ಮೂವರೂ ಹೊಲದ ದಾರಿ ಹಿಡಿದರು. ಎಡಕ್ಕೆ ಹಿನ್ನೀರು ಕಣ್ಣು ಹಾಯುವ ತನಕ ಹಾಸಿಕೊಂಡು ಬಿದ್ದಿತ್ತು. ಆ ನೀರಿನ ಕೆಳಗೆ ಊರ ಗಾಯರಾಣ ಇದೆ, ಎಲ್ಲರ ಕುರಿಯೂ ಮೇಯುತ್ತಿದ್ದ ಹುಲ್ಲು. ಅಣೆಕಟ್ಟು ಕಟ್ಟಿದಾಗ ಹೊಲ ಮುಳುಗಿದವರಿಗೆ ಪರಿಹಾರ ಬಂತು. ಹುಲ್ಲು ಮುಳುಗಿದವರಿಗೆ ಗೌಡನ ಹೊಲ ಗತಿಯಾಯಿತು.

ಹಟ್ಟಿಗೆ ಬಂದವಳೇ ಸತ್ಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊದಲನೇ ಗೂಟಕ್ಕೆ ಕೈ ಹಾಕಿದಳು. ಅಲುಗಾಡಿಸಿ ಕಿತ್ತಳು. ಬಲೆ ಸಡಿಲಾಗಿ ಜೋತಿತು.

"ಏ, ಏನ ಮಾಡಾಕತ್ತಿ?"

"ಕಾಣವಲ್ದೇನು?"

"ಹೊಲ ಅವರ್ದು ಸತ್ಯವ್ವಾ."

"ಕುರಿ ಯಾರವು?"

"ನಾ ಆತ್ರೀ ಅಂದ ಬಂದೇನಿ. ಮಾತು ಕೊಟ್ಟೇನಿ." ಕಾಮಣ್ಣ ಕೂತೇಬಿಟ್ಟ. ಅವನ ಕಣ್ಣು ತುಂಬಿದ್ದವು. "ಮಾತು ಕೊಟ್ಟು ಹೆಂಗ ಹೋಗೂದು?"

ಸತ್ಯವ್ವ ಗೂಟ ನೆಲಕ್ಕೆ ಒಗೆದಳು.

"ಅಂವ ಭಂಡಾರ ಹಿಡದ ಸುಳ್ಳಾದ. ನೀ ಬರೇ ಬಾಯಿಲೆ ಅಂದೀ. ಸುಳ್ಳಾಗು ಒಂದಿನ. ಬೀರಪ್ಪ ಏನರ ಅಂದ್ರ ನನ್ನ ಹೆಸರ ಹೇಳು."

ಉಳಿದ ಗೂಟಗಳನ್ನು ತಾಯಿ ಮಗಳೇ ಕಿತ್ತರು. ನೀಲಿ ಗುರುತಿನವು ಹೊಟ್ಟೆ ತೂಗಿಸುತ್ತ ಮೆಲ್ಲಗೆ ಹೊರಬಂದವು. ಸತ್ಯವ್ವ ಅವನ್ನು ಮಂದೆಯ ನಡುವೆ ಬಿಟ್ಟುಕೊಂಡಳು. ಹೊಲದ ಬದು ದಾಟುವಾಗ ತಿರುಗಿ ನೋಡಿದಳು. ಕಾಮಣ್ಣ ಖಾಲಿ ಹಟ್ಟಿಯಲ್ಲಿ ಹಾಗೇ ಕೂತಿದ್ದ. ಎದ್ದು ಬರಲಿಲ್ಲ.

ಬಿಸಿಲು ಇಳಿಯುವ ಮುಂಚೆ ಮಂದೆ ಬೀಳಗಿಯ ಡಾಂಬರು ರಸ್ತೆ ಹಿಡಿಯಿತು. ಹಿಂದೆ ಬಸ್ಸೊಂದು ಹಾರ್ನು ಹೊಡೆದು ಹೊಡೆದು ಸೋತಿತು. ಡ್ರೈವರು ಅವ್ವ ಅಕ್ಕ ಎಲ್ಲ ಸೇರಿಸಿ ಬೈದ. ಸತ್ಯವ್ವ ಕೋಲು ಅಡ್ಡ ಹಿಡಿದು, "ಗಬ್ಬದವು ಅದಾವಪಾ, ಸಾವಕಾಶ ಹೋಗ್ತಾವು" ಎಂದಳು. ಬಸ್ಸಿನ ಸಂದಿಯಲ್ಲಿ ನುಸುಳಿಕೊಂಡು ಕಲ್ಮೇಶನ ಮೋಟರ್‌ಸೈಕಲ್ಲು ಬಂದು ಅಡ್ಡ ನಿಂತಿತು. ಅವನ ಮುಖದಲ್ಲಿ ನಗು ಇರಲಿಲ್ಲ.

"ಎಲ್ಲಿ ಹೊಂಟೀರಿ? ನಾಳೆ ಹತ್ತಕ್ಕ ಕಮಿಟಿ ಬರತೈತಿ ಅಂತ ಹೇಳೀನಿಲ್ಲ?"

"ಸಾಹೇಬ್ರಿಗೆ ಆ ಕೆಸರಿನ್ಯಾಗ ಬರೂ ತ್ರಾಸ ಯಾಕ್ರಿ? ಕುರೀನ ಅವರ ಕಡೆ ಕರಕೊಂಡ ಹೊಂಟೀವಿ. ಐಬಿ ಮುಂದ ಬಯಲ ಐತಿ."

"ಹುಚ್ಚ ಹಿಡದೈತೇನು ನಿನಗ?" ಅವನು ಗಾಡಿಯಿಂದ ಇಳಿದ. ದನಿ ತಗ್ಗಿಸಿದ. "ನೋಡು ಸತ್ಯವ್ವಾ, ನಿಮ್ಮ ಹಾನಿ ಏನಾಗೈತಿ, ಕೂತು ಬಗೀಹರಿಸೂನು. ಪ್ರಾಜೆಕ್ಟಿನ್ಯಾಗ ಅದಕ್ಕೂ ದಾರಿ ಐತಿ. ಅಪ್ಪಗ ನಾ ಹೇಳತೇನಿ. ಏನ ಬೇಕು ಹೇಳು."

ಮುಂದಿನ ಕುರಿಯೊಂದು ಅವನ ಮೋಟರ್‌ಸೈಕಲ್ಲಿನ ಚಕ್ರ ಮೂಸಿ, ಪಕ್ಕಕ್ಕೆ ಸರಿದು ನಡೆಯಿತು. ಅದರ ಹಿಂದೆ ಇನ್ನೊಂದು. ಮಂದೆ ಅವನ ಎರಡೂ ಬದಿಗೆ ಒಡೆದು ಹರಿಯತೊಡಗಿತು.

"ಏನೂ ಬ್ಯಾಡ್ರಿ," ಎಂದಳು ಸತ್ಯವ್ವ. "ತಕರಾರಿಲ್ಲ ಅಂತ ಬರದೀರಲ್ಲ, ಅದೊಂದ ತಿದ್ದಸೂದೈತಿ. ನಾಳೆ ಹತ್ತಕ್ಕ ನೀವೂ ಬರ್ರಿ. ಗೌಡ್ರನ್ನೂ ಕರಕೊಂಡ ಬರ್ರಿ. ತಡಾ ಮಾಡಬ್ಯಾಡ್ರಿ ಮತ್ತ, ಕುರಿ ಒಂದ ಕಡೆ ಭಾಳ ಹೊತ್ತು ನಿಂದ್ರಂಗಿಲ್ಲ."