ಬಿಟ್ಟುಹೋದ ಒತ್ತು

ಮೂವತ್ತೆಂಟು ವರ್ಷ ನಾನು ಅಚ್ಚುಕೂಟದಲ್ಲಿ ಕರಡು ತಿದ್ದಿದವನು. ಕರಡು ತಿದ್ದುವವನು ಅಕ್ಷರ ನೋಡಬೇಕು, ಅರ್ಥಕ್ಕೆ ಮನಸೋಲಬಾರದು. ಸೋತರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ನನ್ನ ಹೆಂಡತಿಗೆ ಮೂತ್ರದ ಉರಿ ಕಾಣಿಸಿಕೊಂಡಾಗ ಡಾಕ್ಟರು ಏಳು ದಿನಕ್ಕೆ ಆಂಟಿಬಯೋಟಿಕ್ ಮಾತ್ರೆ ಬರೆದುಕೊಟ್ಟರು. ಅವಳಿಗೆ ಅರವತ್ತೆಂಟು. ಉಬ್ಬಸಕ್ಕೆಂದು ದಿನವೂ ಸ್ಟೀರಾಯ್ಡ್ ನುಂಗುತ್ತಿದ್ದಳು. ಅದನ್ನು ಬರೆದುಕೊಟ್ಟವರೂ ಅವರೇ. ಮಾತ್ರೆಯ ಡಬ್ಬಿಯೊಳಗೆ ಎಂಟು ಮಡಿಕೆಯ ತೆಳ್ಳನೆಯ ಕಾಗದವಿತ್ತು. ಹಳೆಯ ಚಾಳಿ, ಕೆಂಪು ಪೆನ್ಸಿಲ್ ಹಿಡಿದು ಕುಳಿತೆ.

"ನೋಡೇ, 'ಸ್ನಾಯುರಜ್ಜು' ಅನ್ನೋ ಕಡೆ ಒತ್ತೇ ಹಾಕಿಲ್ಲ. 'ಸ್ನಾಯುರಜು' ಅಂತೆ!"

ಹೊಲಿಗೆ ಯಂತ್ರ ತುಳಿಯುತ್ತಲೇ ಅವಳು ನಕ್ಕಳು. "ರೀ ಕಾಗುಣಿತದವರೇ, ನೀವು ಒತ್ತು ಕೊಟ್ಟರೆ ನನ್ನ ಉರಿ ಇಳಿಯುತ್ತಾ? ಮೊದಲು ನೀರು ಕೊಡಿ."

ಒತ್ತು ಕೊಟ್ಟೆ. ನೀರೂ ಕೊಟ್ಟೆ.

ಮೂರನೆಯ ದಿನ ಅವಳ ಬಲ ಹಿಮ್ಮಡಿ ನೋಯತೊಡಗಿತು. ಶಾಲೆ ಮಕ್ಕಳ ಸಮವಸ್ತ್ರದ ರಾಶಿ ಮುಂದಿತ್ತು. ತುಳಿದು ತುಳಿದು ಹೀಗಾಗಿದೆ ಎಂದಳು. ನಾನು ಎಣ್ಣೆ ತಿಕ್ಕಿದೆ. ದವಾಖಾನೆಗೆ ಫೋನ್ ಮಾಡಿದರೆ ಚೀಟಿ ಬರೆಯುವ ಹೆಂಗಸು, "ಉರಿಮೂತ್ರಕ್ಕೂ ಹಿಮ್ಮಡಿಗೂ ಏನಜ್ಜ ಸಂಬಂಧ? ಕೋರ್ಸ್ ಮಧ್ಯದಲ್ಲಿ ನಿಲ್ಲಿಸಬೇಡಿ" ಎಂದಳು.

ಐದನೆಯ ದಿನ ಅವಳು ಮೆಟ್ಟಿಲಿಳಿಯುವಾಗ ಆ ಹಿಮ್ಮಡಿಯಲ್ಲಿ ದಪ್ಪ ದಾರ ಕಡಿದಂತೆ ಪಟ್ಟೆಂದಿತು. ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆದ ಮೇಲೆ ಎದೆಗೆ ಸೋಂಕು ಹತ್ತಿ, ಮೂರು ವಾರಕ್ಕೆ ದೇವರು ಕರೆದುಕೊಂಡ. ಅವನ ಮೇಲೆ ನನ್ನ ದೂರಿಲ್ಲ. ಕರೆದವನು ಅವನು; ದೂಡಿದವರು ಬೇರೆ.

ಮೊನ್ನೆ ಹೊಲಿಗೆ ಯಂತ್ರದ ಖಾನೆಯಲ್ಲಿ ಆ ಕಾಗದ ಸಿಕ್ಕಿತು. ಈ ಸಲ ಅರ್ಥಕ್ಕಾಗಿ ಓದಿದೆ. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ಸೇವಿಸುವವರಿಗೆ ಹಿಮ್ಮಡಿಯ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿ, ಹರಿಯುವ ಅಪಾಯ ಹೆಚ್ಚು. ನೋವು ಕಂಡ ಕೂಡಲೇ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಎಲ್ಲವೂ ಇತ್ತು, ಇರುವೆ ಸಾಲಿನಂಥ ಅಕ್ಷರದಲ್ಲಿ. ಜನ ಓದಲೆಂದು ಅಚ್ಚು ಹಾಕುವುದು ಯಾವುದು, 'ಅಚ್ಚಾಗಿತ್ತಲ್ಲ' ಎಂದು ಆಮೇಲೆ ಕೈತೊಳೆದುಕೊಳ್ಳಲು ಹಾಕುವುದು ಯಾವುದು ಎಂದು ನನಗೆ ಯಾರೂ ಕಲಿಸಬೇಕಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ ಅದನ್ನು ಹರಡಿದೆ.

"ಇದನ್ನ ಬಾಯಲ್ಲಿ ಯಾಕೆ ಹೇಳಲಿಲ್ಲ?"

"ಯಜಮಾನರೇ, ಎಲ್ಲ ಇದರಲ್ಲೇ ಬರೆದಿರುತ್ತೆ." ಅವರ ಬೆರಳು ನನ್ನ ಕೆಂಪು ಗುರುತಿನ ಮೇಲೆ ನಿಂತಿತು. "ನೀವೇ ಓದಿದ್ದೀರಲ್ಲ!"

ನಾನು ಎದುರಿನ ಕುರ್ಚಿ ಎಳೆದು ಕುಳಿತೆ.

"ಓದಿದೆ. ಅಕ್ಷರ ಉಳಿಸಿಕೊಂಡೆ, ಅವಳನ್ನ ಕಳಕೊಂಡೆ. ಅದಕ್ಕೆ ದಿನಾ ದೇವರ ಮುಂದೆ ಅಳ್ತೀನಿ. ನಿಮಗೆ ಅವಳ ವಯಸ್ಸು ಗೊತ್ತಿತ್ತು, ಉಬ್ಬಸ ಗೊತ್ತಿತ್ತು, ಈ ಮಾತ್ರೆಯೂ ಗೊತ್ತಿತ್ತು. ನೀವು ಯಾರ ಮುಂದೆ ಅಳ್ತೀರಿ?"

"ಹೊರಗೆ ಜನ ಕಾಯ್ತಿದ್ದಾರೆ."

"ಅವರಿಗೋಸ್ಕರವೇ ಬಂದಿದ್ದು. ಇದೇ ಮಾತ್ರೆ ಇನ್ನೊಬ್ಬರಿಗೆ ಬರೆಯುವಾಗ ನೀವು ಬಾಯಿಬಿಟ್ಟು ಹೇಳೋದನ್ನ ಕೇಳದೆ ನಾನು ಏಳೋದಿಲ್ಲ. ಬೇಕಾದರೆ ಕುರ್ಚಿ ಸಮೇತ ಹೊರಗೆ ಹಾಕಿ."

ಕುರ್ಚಿಯನ್ನು ಮೂಲೆಗೆ ಸರಿಸಿದರು, ನನ್ನನ್ನು ಹೊರಗೆ ಹಾಕಲಿಲ್ಲ. ಇಬ್ಬರು ಬಂದು ಹೋದರು. ಮೂರನೆಯವರು ನನಗಿಂತ ಹಿರಿಯರು, ಅದೇ ಉರಿ. ನಾನಿರಬಹುದೇ ಎಂದು ಡಾಕ್ಟರು ಅವರನ್ನು ಕೇಳಿದರೆ, "ಇರಲಿ ಬಿಡಿ, ವಯಸ್ಸಾದವರು" ಎಂದರು. ಡಾಕ್ಟರು ಅದೇ ಮಾತ್ರೆ ಬರೆದರು, ನನ್ನ ಕಡೆ ನೋಡಿದರು, ಗೊಣಗಿದರು: "ಕಾಲುಗೀಲು ನೋವು ಬಂದರೆ ತಿಳಿಸಿ."

"ಡಾಕ್ಟರೇ, ಒತ್ತು ಬಿಟ್ಟಿರಿ."

ಅವರ ಮುಖ ಕೆಂಪೇರಿತು. ಪೆನ್ನು ಕೆಳಗಿಟ್ಟರು.

"ಸ್ಟೀರಾಯ್ಡ್ ಏನಾದರೂ ತಗೋತೀರಾ? ಇಲ್ವಾ? ಸರಿ. ಹಿಮ್ಮಡಿ ನೋವು ಬಂದರೆ ಮಾತ್ರೆ ನಿಲ್ಲಿಸಿ, ಆವತ್ತೇ ನನಗೆ ಫೋನ್ ಮಾಡಿ."

ಆ ಹಿರಿಯರು ಅಂಗೈಯನ್ನು ಕಿವಿಗೆ ಅಡ್ಡ ಹಿಡಿದರು. "ಏನಂದ್ರಿ?"

"ಇನ್ನೊಂದು ಸಲ, ಜೋರಾಗಿ" ಎಂದೆ ನಾನು.