ವರದಾ ಮಿಂಚೂನ ಕೊಬ್ಬರಿ

ರೋಹಿಣಿ ಅಪ್ಪಗ ಮೊದಲ ಹೇಳಬೇಕಿತ್ತು. ಹೇಳಿದ್ರ ಇಷ್ಟೆಲ್ಲಾ ರಾಮಾಯಣ ಆಗ್ತಿದ್ದಿಲ್ಲ. ಆದ್ರ ಹೇಳಾಕ ಧೈರ್ಯ ಬೇಕಲ್ಲ, ಅದನ್ನ ಎಲ್ಲಿಂದ ತರೂದು?

ಆವತ್ತು ಹಾವೇರಿಯ ಒಂದು ಕಲ್ಯಾಣಮಂಟಪದಾಗ ಡಿಜಿಟಲ್ ಮೀಡಿಯಾ ಓದೋ ಹುಡುಗರ ಮೇಳ. ಸುತ್ತಿನ ಕಾಲೇಜುಗಳಿಂದ ಬಂದವರು ತಾವು ಮಾಡಿದ ಆಟ, ಆ್ಯಪು, ಅನಿಮೇಶನ್ನು ಹರವಿಕೊಂಡು ಕುಂತಿದ್ರು. ಎಲ್ಲಾರಿಗಿಂತ ಚಲೋ ಮಾಡಿದ ಒಬ್ಬರನ್ನ ಪುಣೆದ ಗೇಮ್ ಸ್ಟುಡಿಯೋದವರು ತರಬೇತಿಗೆ ಕರ್ಕೊಂಡು ಹೋಗೋರಿದ್ರು. ರಾಣೆಬೆನ್ನೂರಿನಾಗ ಓದೋ ರೋಹಿಣಿ ಅದಕ್ಕಂತನ ವರ್ಷಪೂರ್ತಿ ಕುಂತು ಒಂದು ಆಟ ಕಟ್ಟಿದ್ಲು.

ಎಂಥಾ ಆಟ ಅಂತೀರಿ? ಹೋರಿ ಬೆದರಿಸೋ ಆಟ! ದೀಪಾವಳಿ ಆದಕೂಡಲೇ ನಮ್ಮ ಕಡೆ ಊರೂರಿಗೂ ನಡೀತೈತಲ್ಲ, ಅದ. ಕೊರಳ ತುಂಬ ಒಣಕೊಬ್ಬರಿ ಸರ ಕಟ್ಟಿದ ಹೋರಿ ಮಂದಿ ನಡುವ ನುಗ್ಗಿ ಓಡತೈತಿ, ಹುಡುಗರು ಮೈಮ್ಯಾಲೆ ಬಿದ್ದು ಆ ಕೊಬ್ಬರಿ ಹರೀಬೇಕು. ಹರಿಸಿಕೊಂಡ ಹೋರಿ ಸೋತಂಗ. ರೋಹಿಣಿ ಆಟದಾಗ ಹೋರಿ ದೊಡ್ಡ ಪರದೆಯಿಂದ ಮೈಮ್ಯಾಲೇ ಬರತೈತಿ, ಎದುರು ನಿಂತವರ ಕೈಯನ್ನ ಕ್ಯಾಮೆರಾ ನೋಡತೈತಿ. ಸರಿಯಾದ ಗಳಿಗಿಗೆ ಕೈ ಚಾಚಿದ್ರ ಕೊಬ್ಬರಿ ನಿಮ್ಮದು.

ಆಕಿ ಎಡವಿದ್ದು ಹೋರಿ ವಿಷಯದಾಗ. ಯಾವುದಾರ ಒಂದು ಹೋರಿ ಚಿತ್ರ ತಗದಿದ್ರ ಸಾಕಾಗ್ತಿತ್ತಿಲ್ಲೋ? ಬ್ಯಾಡಗಿ ಹತ್ರದ ತಮ್ಮೂರಿನ, ತಮ್ಮ ಮನಿ ಹೋರಿ 'ವರದಾ ಮಿಂಚು' ಅದನ್ನ ತಗೊಂಡಿದ್ಲು. ಅಪ್ಪ ಪರಮೇಶಪ್ಪನ ಜೀವ ಅದು. ಅದರ ಕೊಬ್ಬರಿ ಹರಿದ ಗಂಡಸು ಇನ್ನೂ ಹುಟ್ಟಿಲ್ಲ ಅಂತ ಊರ ಮಂದಿ ಎದಿ ಉಬ್ಬಿಸಿ ಹೇಳ್ತಿದ್ರು. ಮಗಳು ಮೊಬೈಲ್ ಹಿಡ್ಕೊಂಡು ಹೋರಿ ಸುತ್ತ ತಿರುಗಿ ಫೋಟೊ ತಗೊಳ್ಳುವಾಗ ಪರಮೇಶಪ್ಪ ತಾನ ಹಗ್ಗ ಹಿಡ್ಕೊಂಡು ನಿಂತಿದ್ದ. "ಕೊಂಬು ಚಂದಾಗಿ ಬರ್ಲಿ ನೋಡವ್ವಾ" ಅಂದಿದ್ದ. ಆಟದಾಗ ಮಿಂಚು ಸೋಲಬಹುದು ಅನ್ನೋ ಮಾತಿಗೆ ಈಕಿ ಬಾಯಿ ಬಿಟ್ಟಿದ್ದಿಲ್ಲ.

"ಬಿತ್ತಿಗಿ ಐತಿ, ಬರಾಕಾಗೂದಿಲ್ಲ" ಅಂದಿದ್ದ ಅಪ್ಪ ಬಂದ ಬಿಟ್ಟ! ಒಬ್ಬನ ಬಂದಿದ್ರ ಹೆಂಗರ ಆಗ್ತಿತ್ತು. ಗೂಡ್ಸ್ ಗಾಡಿ ತುಂಬ ಮಿಂಚೂನ ಅಭಿಮಾನಿಗಳು, ಎದಿ ಮ್ಯಾಲೆ ಹೋರಿ ಚಿತ್ರದ ಟೀ ಶರ್ಟು, ಕೇಕಿ, ಸಿಳ್ಳಿ.

ಅವರ ಹಿಂದನ, ಪುಣೆ ಸ್ಟುಡಿಯೋದ ಪರವಾಗಿ ತೀರ್ಪು ಕೊಡೋ ಪದ್ಮಜಾ ಮೇಡಂ ಬಂದ್ರು. "ನಾನ ಆಡಿ ನೋಡ್ತೀನಿ" ಅಂತ ಪರದೆ ಮುಂದ ನಿಂತ್ರು.

ರೋಹಿಣಿ ಕೀಬೋರ್ಡಿನಾಗ ಆಟದ ಪರೀಕ್ಷೆ ಸಲುವಾಗಿ ಇಟ್ಟ ಒಂದು ಕೀ ಇತ್ತು. ಅದನ್ನ ಒತ್ತಿದ್ರ ಕ್ಯಾಮೆರಾಕ್ಕ ಎದುರಿನವರ ಕೈ ಕಾಣೂದಿಲ್ಲ. ಒತ್ತಿದ್ರ ಅಪ್ಪನ ಮಾನ ಉಳೀತೈತಿ, ಆದ್ರ ಕೈಗೆ ಏನೂ ಸಿಗಲಾರದ ಆಟಾನ್ನ ಯಾರು ಮೆಚ್ಚತಾರ? ಪುಣೆ ಕೈಬಿಟ್ಟಂಗ. ಒತ್ತಲಿಲ್ಲಂದ್ರ ಊರ ಮಂದಿ ಎದುರಿಗೇ ಮಿಂಚು ಸೋಲಬಹುದು. ಬೆರಳು ಕೀ ಮ್ಯಾಲೆ ಇಟ್ಲು. ಪರದೆಯೊಳಗ ಮಿಂಚು ಕೊಂಬು ಬಾಗಿಸಿತು. ಇಷ್ಟು ನಿದ್ದಿಗೆಟ್ಟಿದ್ದು ಮೋಸದ ಆಟ ಆಡಾಕೇನು ಅಂತ ಆಕಿಗೆ ತನ್ನ ಮ್ಯಾಲೇ ಸಿಟ್ಟು ಬಂತು. ಕೈ ಹಿಂದಕ್ಕ ತಗೊಂಡ್ಲು.

ಮೇಡಂ ಕೈ ಚಾಚಿದ್ರು. ಕೊಬ್ಬರಿ ಸರ ಪಟ್ಟನ ಹರೀತು.

"ಅಬ್ಬಾ, ಏನ್ ಛಲೋ ಅದ! ಪುಣೆಕ್ಕ ಕಳಸೋದು ಈ ಆಟ ಕಟ್ಟಿದಾಕಿನ್ನ" ಅಂದ್ರು ಮೇಡಂ.

ಅಭಿಮಾನಿಗಳಾಗ ಹಿರಿಯ ವಿರೂಪಾಕ್ಷಪ್ಪ ಮುಂದ ನುಗ್ಗಿದ. "ಪರಮೇಶಾ, ನಿನ್ನ ಮಗಳೇ ನಿನ್ನ ಹೋರಿ ಮಾನ ಕಳದ್ಲಲ್ಲೋ! ತಗಸು ಅದನ್ನ. ನಮ್ಮ ಮಿಂಚು ಆ ಡಬ್ಬ್ಯಾಗ ಇರಬಾರದು."

"ಹೋರಿ ಮಾಲಕರು ಬ್ಯಾಡ ಅಂದ್ರ ನಾವು ಈ ಆಟಾನ್ನ ಆರಿಸಾಂಗಿಲ್ರಿ" ಅಂದ್ರು ಮೇಡಂ, ಪರಮೇಶಪ್ಪನ ಕಡೆ ನೋಡಿ. ಎಲ್ಲಾ ಈಗ ಅವನ ಬಾಯಾಗಿನ ಒಂದು ಮಾತಿನ ಮ್ಯಾಲೆ ನಿಂತಿತ್ತು.

ಪರಮೇಶಪ್ಪ ಮಾರಿ ಕೆಂಪಗ ಮಾಡ್ಕೊಂಡು ಮಗಳ ಹತ್ರ ಬಂದ. "ಈ ಮೇಡಮ್ಮಾರಿಗಿಂತ ಮೊದಲ ಯಾರರ ಹರದಾರೇನು?"

"ಹರದಾರ."

"ಯಾರು? ಹೆಸರು ಹೇಳು."

"ನಾನ, ಅಪ್ಪಾ. ಭಾಳ ಸಲ ಹರದೇನಿ. ಆಟ ಸರಿ ಐತೋ ಇಲ್ಲೋ ನೋಡಬೇಕಲ್ಲ."

ನಮ್ಮ ಹೆಣ್ಣುಮಕ್ಕಳಿಗೆ ಹೋರಿ ಅಖಾಡ ಅಂದ್ರ ಮಾಳಿಗಿ ಮ್ಯಾಲಿಂದ ನೋಡೂದು, ಅಷ್ಟ. ಕೆಳಗಿಳಿದು ಹೋರಿ ಎದುರು ನಿಂತಾಕಿ ಯಾರದಾಳ ಹೇಳ್ರಿ? ಪರಮೇಶಪ್ಪ ಮಗಳನ್ನ ಕಾಲಿಂದ ತಲೀತನಕಾ ಒಮ್ಮೆ ನೋಡಿದ.

"ನನ್ನ ಮುಂದ ಹರಿ, ನೋಡೂಣು."

ರೋಹಿಣಿ ಪರದೆ ಮುಂದ ನಿಂತ್ಲು. ಹಿಂದ ನಿಂತ ಅಪ್ಪನ ಮಾರಿ ಕಾಣವಲ್ದು. ಆಂವ ಎಂದೂ ಅಖಾಡದಾಗ ಮಿಂಚೂನ ಪರವಾಗಿ ಬಿಟ್ರ ಮತ್ತೊಬ್ಬರ ಪರವಾಗಿ ಕೂಗಿದಾಂವ ಅಲ್ಲ. ಪರದೆಯೊಳಗ ಧೂಳೆದ್ದಿತು, ಮಿಂಚು ಜಿಗಿದು ಬಂತು, ಕೊರಳಾಗಿನ ಕೊಬ್ಬರಿ ಆಕಿ ಕಣ್ಣಿನ ಸಮಕ್ಕ ಬಂತು.

ಆಗ ಹಿಂದಿಂದ ಅಪ್ಪನ ದನಿ ಬಂತು, ಇಡೀ ಮಂಟಪ ತಿರುಗಿ ನೋಡೂಹಂಗ.

"ಹಿಡಿಯವ್ವಾ! ಬಿಡಬ್ಯಾಡ!"